ಕಟ್ಟಿದ ಬಸಿರು

ಸಿಂಗಟಗೆರೆ
ಧಾತು ಸಂವತ್ಸರ, ಮಾರ್ಗಶಿರ ಮಾಸ
ತಾ. 18-12-1936

ಪ್ರೀತಿಯ ಅಕ್ಕ ಸರೋಜಮ್ಮನಿಗೆ ತಂಗಿ ವಿಶಾಲಾಕ್ಷಿಯ ನಮಸ್ಕಾರಗಳು.

ಅಜ್ಜಂಪುರದಿಂದ ನೀನು ಬರೆದ ಕಾಗದಗಳು ತಲುಪಿದವು. ಉತ್ತರ ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಬೆಂಗಳೂರಿನ ಆಸ್ಪತ್ರೆಯಿಂದ ಬಂದು ಮಲಗಿದ್ದೇನೆ. ಮಲಗಿದರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಲಿ ಎನಿಸುತ್ತದೆ.

ದಸರೆಯ ಹೊತ್ತಿಗೆ ಮುಟ್ಟು ತಪ್ಪಿತು. ಆಮೇಲೆ ಬಂದರೂ ಸೀರೆಗೆ ಕಂದು ಕಲೆಯಷ್ಟೇ. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಕಲೆ. ಒಗ್ಗರಣೆ ವಾಸನೆಗೆ ವಾಂತಿ. ಅತ್ತೆ ಕರಿಯಮ್ಮನವರು, "ಲೇ, ಬಸ್ರು ಕಣೇ ಇದು! ಹೋದ ಗಂಡ್ಕೂಸೇ ವಾಪಸ್ ಬತ್ತೈತೆ," ಎಂದು ನನ್ನ ಕೈಯ ಬಿಂದಿಗೆ ಕಿತ್ತುಕೊಂಡರು. ಆ ಕೂಸು ಹೆರಿಗೆಯಲ್ಲೇ ಹೋದಾಗಿನಿಂದ ಅವರು ನನ್ನೊಡನೆ ಹಾಗೆ ಮಾತಾಡಿರಲಿಲ್ಲ. ನನಗೂ ಸಂತೋಷಕ್ಕೆ ಅಳು ಬಂತು.

ನಮ್ಮ ಮನೆಯವರ ಮುಖ ಮಾತ್ರ ಬಿಳಿಚಿಕೊಂಡಿತು. "ಆಗಾಕಿಲ್ಲ, ಅದು ಆಗಾಕಿಲ್ಲ," ಎಂದು ಅಂಗಳದಲ್ಲೇ ಓಡಾಡಿದರು. ಗಾಡಿ ಕಟ್ಟಿಸಿ ಕಡೂರಿಗೆ, ಅಲ್ಲಿಂದ ರೈಲಿನಲ್ಲಿ ತರೀಕೆರೆಗೆ ಕರೆದೊಯ್ದರು.

ಅಲ್ಲಿಯ ಲೇಡಿ ಡಾಕ್ಟರು ಹೊಟ್ಟೆಯ ಬಲಪಕ್ಕ ಒತ್ತಿದಾಗ ಚೀರಿಬಿಟ್ಟೆ. "ಬಸಿರಿರಬಹುದು," ಅಂದರು. ಆಗ ಇವರು ತಲೆ ತಗ್ಗಿಸಿ, "ಅಮ್ಮಾವ್ರೇ, ಹೋದ ಹೆರ್ಗೇಲಿ ಹೊಟ್ಟೆ ಕೊಯ್ದಾಗ ಮಕ್ಳಾಗ್ದಂಗೆ ನಾಳ ಕಟ್ಬಿಟ್ಟವ್ರೆ. ಇನ್ನೊಂದು ಬಸ್ರಾದ್ರೆ ಜೀವ ಉಳಿಯಾಕಿಲ್ಲ ಅಂದಿದ್ರು," ಎಂದರು.

ನನಗೆ ಗೊತ್ತಿರಲಿಲ್ಲ ಅಕ್ಕ. ನನ್ನ ಹೊಟ್ಟೆಯ ವಿಷಯ, ಪರರ ಮನೆ ಸುದ್ದಿಯ ಹಾಗೆ ಕೇಳಿಸಿಕೊಂಡೆ.

"ಕಟ್ಟಿದ ನಾಳ ಅಪರೂಪಕ್ಕೆ ತೆರೆದುಕೊಳ್ಳುವುದುಂಟು," ಅಂದರು ಡಾಕ್ಟರು. "ಗರ್ಭ ನಾಳದಲ್ಲೇ ನಿಂತಿದ್ದರೆ ಒಡೆದುಬಿಡುತ್ತದೆ. ಈಗಲೇ ಬೆಂಗಳೂರಿಗೆ ಹೊರಡಿ."

ರೈಲಿನಲ್ಲಿ, ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. "ಹೇಳಿದ್ರೆ ನೀನು ಕೊರಗಿ ಸತ್ತೋಗಿರ್ತಿದ್ದೆ. ಇನ್ನೊಂದ್ ಮದ್ವೆ ಆಗು ಅಂತ ಅವ್ವ ಬೈದಾಗೆಲ್ಲ ಬೈಸ್ಕೊಂಡಿಲ್ವೇನೇ ನಾನು?" ಬೈಸಿಕೊಂಡದ್ದು ನಿಜ. ಆದರೆ ಪ್ರತಿ ಸಲ ಮುಟ್ಟಾಗಿ ನಾನು ಅಳುತ್ತಿದ್ದಾಗ, "ಬರೋ ತಿಂಗ್ಳು ನೋಡಾನ ಬಿಡು," ಅಂದವರೂ ಅವರೇ.

ಗರ್ಭ ನಾಳದಲ್ಲೇ ಇತ್ತು. ಕೊಯ್ದು ತೆಗೆದರು. ಸ್ವಲ್ಪ ತಡವಾಗಿದ್ದರೂ ನಾನು ಇರುತ್ತಿರಲಿಲ್ಲವಂತೆ. ಹೊಟ್ಟೆಯಲ್ಲಿ ಗೆಡ್ಡೆಯಿತ್ತೆಂದು ಇವರು ಅತ್ತೆಗೆ ಹೇಳಿದ್ದಾರೆ. ಅವರು ಗಂಜಿ ತಂದು ಹೊಸಿಲಲ್ಲೇ ಇಟ್ಟು ಹೋಗುತ್ತಾರೆ. ನನ್ನ ಮಗಳು ಕಮಲಾಕ್ಷಿ ತಲೆ ಬಾಚುತ್ತಾಳೆ. ಒಂದೇ ಜಡೆಯನ್ನು ಬಿಚ್ಚಿ ಬಿಚ್ಚಿ ಹೆಣೆಯುತ್ತಾಳೆ, ನಾನು ಎದ್ದು ಹೋಗದಿರಲೆಂದು.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳ ಹೊಟ್ಟೆ ತಣ್ಣಗಿರಲಿ, ಆಯಸ್ಸು ಗಟ್ಟಿಯಾಗಿರಲಿ.

ಇಂತಿ ನಿನ್ನ ತಂಗಿ,
ವಿಶಾಲು

ಮರೆತ ಮಾತು: ನಿನ್ನೆ ಇವರು ಇನ್ನೊಂದು ವಿಷಯ ಹೇಳಿದರು. ಹೋದ ಹೆರಿಗೆಯಲ್ಲಿ ನಾನು ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ನಾಳ ಕಟ್ಟಲು ಒಪ್ಪಲಾರದೆ ಇವರು ಅಳುತ್ತ ಕೂತಿದ್ದರಂತೆ. "ಒಪ್ಕೊಳ್ಳಿ, ಅವ್ಳಿಗೆ ಹೇಳೋದು ಬ್ಯಾಡ," ಅಂದವಳು ನೀನಂತೆ. ಹೋದ ವರ್ಷ ನನ್ನನ್ನು ಅಂತರಘಟ್ಟೆ ಅಮ್ಮನ ಗುಡಿಗೆ ಕರೆದೊಯ್ದು, ಮಡಿಲಿಗೆ ಕಾಯಿ ಹಾಕಿ, "ಗಂಡ್ಮಗು ಕೊಡು ತಾಯಿ ಅಂತ ಬೇಡ್ಕಳೇ," ಅಂದೆಯಲ್ಲ ಅಕ್ಕ, ಆಗ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತು ನೀನು ಏನು ಬೇಡಿಕೊಂಡೆ?