ಥಂಡಿ ಇಲ್ಲದ ಡಿಸೆಂಬರ್

೧೮ ಡಿಸೆಂಬರ್ ೧೯೫೬, ಮಂಗಳವಾರ. ಚೆಂಬೂರು.

ಕೂಸಿನ ಮೈಮೇಲೆ ಕೆಂಪು ಗುಳ್ಳೆ ಕಂಡು ಬೆಳಿಗ್ಗೆ ನನ್ನ ಜೀವವೇ ಹಾರಿತ್ತು. ದಡಾರ ಎಂದುಕೊಂಡೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ, ದಡಾರ ಬಂದ ಮನೆಯಲ್ಲಿ ಕೂಡದೆಂದು ಸಾರಿಗೆ ಒಗ್ಗರಣೆ ಹಾಕಲಿಲ್ಲ. ಇವರು ಸಪ್ಪೆ ಸಾರು ಉಂಡು ಸುಮ್ಮನೆ ಕೆಲಸಕ್ಕೆ ಹೋದರು.

ಸೊಪ್ಪು ನೋಡಿ ಪಕ್ಕದ ಖೋಲಿಯ ನೀಲಾವತಕ್ಕ ಓಡಿ ಬಂದರು. ಕೂಸಿನ ತಲೆಯ ಕುಲಾಯಿ ಬಿಚ್ಚಿದರು, ಕೌದಿ ಬಿಚ್ಚಿದರು, ಒಳಗಿನ ಎರಡು ಅಂಗಿಯನ್ನೂ ಬಿಚ್ಚಿದರು.

"ಎಂತ ಮಾರಾಯ್ತಿ, ಬಾಳೆಗೊನೆ ಹಣ್ಣಿಗಿಟ್ಟ ಹಾಗೆ ಇಟ್ಟಿದ್ದೀಯಲ್ಲ! ಇದು ಬರೀ ಬೆವರುಸಾಲೆ."

"ಥಂಡಿ ದಿನಾ ಅಲ್ಲೇನ್ರಿ ಅಕ್ಕಾ? ನಮ್ಮ ವಿಜಾಪುರದಾಗ ಈಗ ತುಟಿ ಒಡದು ರಕ್ತ ಬರ್ತದ್ರಿ."

"ಇಲ್ಲಿ ನಿನ್ನ ತುಟಿ ಒಡೆದಿದೆಯಾ?"

ಮುಟ್ಟಿ ನೋಡಿಕೊಂಡೆ. ಒಡೆದಿರಲಿಲ್ಲ. ಈ ಊರಿಗೆ ಬಂದು ಮೂರು ತಿಂಗಳಾದರೂ ನನಗದು ಗೊತ್ತೇ ಆಗಿರಲಿಲ್ಲ.

ಸಂಜೆ ಇವರಿಗೆ ಹೇಳಿದರೆ, "ಹಂಗಾದ್ರ ಇನ್ನ ಒಗ್ಗರಣಿ ಹಾಕಬಹುದಲ್ಲ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ತಮ್ಮ ಥಂಡಿ ಹತ್ತಿ ತೀರಿಹೋದ. ಅವ್ವನಿಗೆ ಕೈಕಾಲು ಆಡದಾಗಿ ನನ್ನ ಸಾಲೆಯೂ ಅಲ್ಲಿಗೇ ನಿಂತಿತು. ಆ ಹೆದರಿಕೆ ಊರು ಬಿಟ್ಟರೂ ನನ್ನನ್ನು ಬಿಟ್ಟಿಲ್ಲ.

ಈಗ ಕೂಸು ಒಂದೇ ತೆಳು ಅಂಗಿಯಲ್ಲಿ ಕೈಕಾಲು ಚಾಚಿ ಮಲಗಿದೆ. ಕಿಟಕಿಯನ್ನೂ ತೆರೆದಿಟ್ಟಿದ್ದೇನೆ. ಹತ್ತು ಸಲ ಪಾದ ಮುಟ್ಟಿ ನೋಡಿದೆ, ಬೆಚ್ಚಗೇ ಇದೆ. ಎಷ್ಟು ಸಣ್ಣ ಬೆರಳುಗಳು, ದೇವರೇ. ಇನ್ನು ಮುಟ್ಟಬಾರದು, ಎದ್ದುಬಿಟ್ಟೀತು. ಒಂದೇ ಒಂದು ಸಲ...