ಎರಡನೆಯ ಬಟ್ಟಲು

ಹಾಲಿನ ಕೋಣೆಯಿಂದ,
ಗುರುವಾರ, ಜೂನ್ ಹನ್ನೆರಡು

ಪ್ರೀತಿಯ ಗುಬ್ಬಿ,

ಇವತ್ತು ನನ್ನ ವಾರದ ಉಪವಾಸ. ಪ್ರಾರ್ಥನೆ ಮುಗಿಸಿ, ಕುರಿಗಳ ಹಾಲು ಕರೆದು, ಹಲಗೆಗಳ ಮೇಲಿನ ಚೀಸ್ ಬಿಲ್ಲೆಗಳನ್ನು ಒಂದೊಂದಾಗಿ ಮಗುಚಿಟ್ಟು, ಅತ್ತೆಗೆ ಬಿಸಿ ಹಾಲು ಕುಡಿಸಿ, ಈಗಷ್ಟೇ ಕೂತಿದ್ದೇನೆ. ನೀನು ಹೇಗಿದ್ದೀಯ? ನಿನ್ನ ಸೊಂಟದ ನೋವು ಕಡಿಮೆಯಾಯಿತೇ? ಮೈದುನನ ಕೆಮ್ಮು ಹೇಗಿದೆ? ಬಸ್ಸಿನ ಕಿಟಕಿ ಮುಚ್ಚಿಕೊಂಡು ಓಡಿಸು ಎಂದು ನಾನು ಹೇಳಿದೆನೆಂದು ಹೇಳು. ಮಗು ಹೇಗಿದ್ದಾಳೆ? ಹದಿನೆಂಟು ತುಂಬಿದವಳನ್ನು ಮಗು ಎನ್ನುತ್ತೇನೆ ನೋಡು, ನನ್ನ ಕಣ್ಣಲ್ಲಿ ಅವಳಿನ್ನೂ ಹಲ್ಲು ಬಿದ್ದ ಒಂಬತ್ತು ವರ್ಷದವಳೇ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಗೆ ಕಣ್ಣು ಪೂರಾ ಮಂಜು, ಕಿವಿ ಮಾತ್ರ ಮೊದಲಿನ ಹಾಗೇ. ಪಕ್ಕದ ಕೋಣೆಯಲ್ಲಿ ಚಮಚ ಬಿದ್ದರೆ ಯಾವ ಚಮಚ ಎಂದು ಹೇಳುತ್ತಾರೆ. ನಿಮ್ಮ ಭಾವ ಹಾಲಿನ ಕೋಣೆಯ ಬಾಗಿಲಿಗೆ ಹೊಸ ಚಿಲಕ ಹಾಕಿ, ತಾವೇ ಒಳಗೆ ಸಿಕ್ಕಿಕೊಂಡು ಅರ್ಧ ಗಂಟೆ ಕೂಗಿದರು. ಕುರಿಗಳು ಉತ್ತರ ಕೊಟ್ಟವು, ಹೊರಗೆ ಹೋಗಿದ್ದ ನಮಗೆ ಕೇಳಿಸಲಿಲ್ಲ. ಬೇಲಿಯುದ್ದಕ್ಕೂ ಮುಳ್ಳುಹೂ ನೇರಳೆಯಾಗಿ ನಿಂತಿದೆ. ಇನ್ನೆರಡು ದಿನದಲ್ಲಿ ಕೀಳಬೇಕು. ಇಲ್ಲಿದ್ದಾಗ ನೀನು ಕೈಗವಸು ಇಲ್ಲದೆ ಕೀಳುತ್ತಿದ್ದೆ, ಮುಳ್ಳೇ ನಿನಗೆ ದಾರಿ ಬಿಡುತ್ತಿತ್ತು.

ನೋಡು, ಹೇಳಬೇಕಾದ್ದು ಬಿಟ್ಟು ಊರ ಸುದ್ದಿಯೆಲ್ಲ ಬರೆಯುತ್ತಿದ್ದೇನೆ. ಹೋದ ವಾರ ನೀನು ಅತ್ತೆಗೆ ಬರೆದ ಕಾಗದ ಬಂತು. ಎಂದಿನಂತೆ ನಾನೇ ಓದಿ ಹೇಳಿದೆ. ಅದರಲ್ಲಿ ಒಂದು ಕಡೆ ನೀನು ಬರೆದಿದ್ದೆ, ಮಗಳನ್ನು ಅಲ್ಲಿನ ಡೈರಿಯವರು ಚೀಸ್ ಕೆಲಸ ಕಲಿಯಲು ಕರೆದಿದ್ದಾರೆ, ತಿಂಗಳ ಕೊನೆಯೊಳಗೆ ಹೇಳಬೇಕಂತೆ, ಅವಳಿಗೆ ಬಹಳ ಆಸೆ, ನಾನೇ ಬೇಡ ಅಂದೆ, ನನ್ನ ಕೈಗುಣ ಅವಳಿಗೂ ಬಂದಿದ್ದರೆ ಪರರ ಹಾಲು ಕೆಡಿಸಿದ ಪಾಪ ಯಾಕೆ, ಎಂದು. ಗುಬ್ಬಿ, ಆ ಸಾಲುಗಳನ್ನು ನಾನು ಅತ್ತೆಗೆ ಓದಲಿಲ್ಲ. ಹಾರಿಸಿ ಮುಂದಿನ ಸಾಲಿಗೆ ಹೋದೆ, ಅತ್ತೆ "ಆಮೇಲೆ?" ಎಂದರು, ನಾನು ನಿಮ್ಮ ಮನೆಗೆ ಸುಣ್ಣ ಬಳಿದ ಸುದ್ದಿ ಓದಿದೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಮಗು ಓದಿದರೆ ಅವಳಿಗೂ ತಿಳಿಯಲಿ. ಒಣಗಿದ ಮುಳ್ಳುಹೂವಿನ ಎಸಳನ್ನು ಬೆಚ್ಚನೆಯ ನೀರಲ್ಲಿ ನೆನೆಹಾಕಿ, ಅರೆದು, ಬಟ್ಟೆಯಲ್ಲಿ ಹಿಂಡಿದರೆ ಬರುವ ಕಂದು ನೀರೇ ಹಾಲನ್ನು ಗಟ್ಟಿ ಮಾಡುವ ಹೂನೀರು. ಒಂದು ಹಂಡೆ ಹಾಲಿಗೆ ಒಂದು ಬಟ್ಟಲು. ಕಡಿಮೆಯಾದರೆ ಹಾಲು ಗಟ್ಟಿಯಾಗದೆ ಹಾಗೇ ಕೂರುತ್ತದೆ. ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ, ಆದರೆ ಎರಡು ತಿಂಗಳು ಹಲಗೆಯ ಮೇಲೆ ಕೂತ ಮೇಲೆ ಒಳಗಿನಿಂದ ಕಹಿ ಏಳುತ್ತದೆ. ಈ ಕೆಲಸದಲ್ಲಿ ತಪ್ಪು ಮಾಡುವುದು ಒಂದು ಕಾಲಕ್ಕೆ, ಅದು ಬಾಯಿಗೆ ಬರುವುದು ಇನ್ನೊಂದು ಕಾಲಕ್ಕೆ. ಹೂನೀರು ಬಿದ್ದಿದೆಯೋ ಇಲ್ಲವೋ ಎಂದು ಅನುಮಾನ ಬಂದರೆ ಒಂದು ಹನಿ ನಾಲಿಗೆಗೆ ಮುಟ್ಟಿಸಿ ನೋಡಬೇಕು. ಬಿದ್ದಿದ್ದರೆ ಹುಲ್ಲಿನ ವಗರು ತಿಳಿಯುತ್ತದೆ. ಹೂನೀರು ಹಾಕಿದವರೇ ಹಸಿ ಬಿಲ್ಲೆಯ ಮೇಲೆ ಹೆಬ್ಬೆರಳು ಒತ್ತಬೇಕು, ಅದು ಅತ್ತೆಯ ಕಟ್ಟಳೆ.

ಒಂಬತ್ತು ವರ್ಷದ ಹಿಂದೆ, ಇದೇ ಹೂ ಕೀಳುವ ದಿನಗಳಲ್ಲಿ, ಒಂದು ಗುರುವಾರ ನೀನು ಬೆಳಗಿನ ಹಾಲಿಗೆ ಹೂನೀರು ಹಾಕಿ, ಮಗುವಿಗೆ ಜ್ವರ ಅಂತ ಒಳಗೆ ಹೋದೆ. ನಾನು ಪ್ರಾರ್ಥನೆ ಮುಗಿಸಿ ಬಂದೆ. ಹಂಡೆಯಲ್ಲಿ ಹಾಲು ಇನ್ನೂ ಗಟ್ಟಿಯಾಗದೆ ಅಲುಗುತ್ತಿತ್ತು. ಪಕ್ಕದಲ್ಲಿ ಹೂನೀರಿನ ಬಟ್ಟಲು ತುಂಬಿ ಕೂತಿತ್ತು. ಮರೆತು ಹೋಗಿದ್ದಾಳೆ ಎಂದುಕೊಂಡೆ. ನಾಲಿಗೆಗೆ ಮುಟ್ಟಿಸೋಣವೆಂದರೆ ಉಪವಾಸ. ಹತ್ತು ಹೆಜ್ಜೆ ಬಂದು ನಿನ್ನನ್ನು ಕೇಳೋಣವೆಂದರೆ, ಸುಳ್ಳೇಕೆ ಹೇಳಲಿ, ದೊಡ್ಡ ಸೊಸೆಯಾಗಿ ಚಿಕ್ಕವಳನ್ನು ಕೇಳಬೇಕೇ ಅನ್ನಿಸಿತು. ಸುರಿದುಬಿಟ್ಟೆ. ಆಮೇಲೆ ಬಟ್ಟಲು ತೊಳೆಯಲು ಹೋದರೆ ತೊಳೆಯುವ ಕಲ್ಲಿನ ಹತ್ತಿರ ಇನ್ನೊಂದು ಬಟ್ಟಲು ತೊಳೆದು ಬೋರಲು ಹಾಕಿತ್ತು, ಅದು ನಿನ್ನದು. ನಾನು ಸುರಿದದ್ದು ಸಂಜೆಯ ಹಾಲಿಗೆ ನೀನು ಮುಂಚೆಯೇ ಮಾಡಿಟ್ಟ ಎರಡನೆಯ ಬಟ್ಟಲು. ಆ ಗಳಿಗೆಯಲ್ಲೇ ನನಗೆ ಗೊತ್ತಾಯಿತು. ಯಾರಿಗೂ ಕಾಣದ ಹಾಗೆ ಬೇರೆ ಎಸಳು ನೆನೆಹಾಕಿ, ಅರೆದು, ಸಂಜೆಯ ಬಟ್ಟಲು ತುಂಬಿಸಿಟ್ಟೆ. ನೀನು ಬಂದು ಹಂಡೆ ನೋಡಿ, "ಏನಕ್ಕಾ, ಹಾಲಿಗೆ ಇವತ್ತು ಇಷ್ಟು ಆತುರ, ರೈಲು ಹಿಡಿಯೋ ಥರ" ಎಂದೆ. ನಾನೂ ನಕ್ಕೆ. ಇಪ್ಪತ್ತೆರಡು ಬಿಲ್ಲೆಯಾಯಿತು, ಎಲ್ಲದರ ಮೇಲೂ ನೀನು ಹೆಬ್ಬೆರಳು ಒತ್ತಿದೆ. ಚಾಕು ತಗುಲಿದ ಆ ಓರೆ ಗಾಯದ ಗುರುತು ಸಮೇತ.

ಎರಡು ತಿಂಗಳ ಮೇಲೆ ವ್ಯಾಪಾರಿ ಬಂದು ಒಂದನ್ನು ಕೊಯ್ದು ಬಾಯಿಗೆ ಹಾಕಿ ಉಗುಳಿದ. "ಇದು ಚೀಸೋ ಕಷಾಯಾನೋ" ಎಂದ. ಇಪ್ಪತ್ತೆರಡನ್ನೂ ಗುಂಡಿ ತೋಡಿ ಹೂತೆವು. ಹೂಳುವ ಮುಂಚೆ ಅತ್ತೆ ಬೆರಳಿನಿಂದ ಗುರುತು ಸವರಿ ನೋಡಿ, "ಇವಳ ಕೈಗುಣವೇ ಸರಿಯಿಲ್ಲ" ಎಂದರು. ನಾನು ಅಲ್ಲೇ ನಿಂತಿದ್ದೆ, ಸೆರಗು ತಿರುಚುತ್ತಾ. ನಿಮ್ಮ ಭಾವ, "ಆ ದಿನ ದೊಡ್ಡವಳೇನಾದ್ರೂ ಹಾಕಿದ್ಲಾ?" ಎಂದು ಕೇಳಿದರು. ಅದಕ್ಕೆ ಅತ್ತೆ, "ಉಪವಾಸ ಮಾಡೋ ಹೆಂಗಸು, ಹಾಲು ಮುಟ್ಟಿದ್ರೆ ಮುಟ್ಟಿದೀನಿ ಅಂತಾಳೆ" ಎಂದರು. ನೋಡಿದೆಯಾ, ನನ್ನ ಉಪವಾಸವೇ ನನ್ನ ಪರವಾಗಿ ಸಾಕ್ಷಿ ಹೇಳಿತು, ನಾನು ಅದಕ್ಕೆ ಹೇಳಲು ಬಿಟ್ಟೆ. ಆಮೇಲಿನದು ನಿನಗೇ ಗೊತ್ತು. ಹೆದರಿದ ಕೈಯಲ್ಲಿ ನೀನು ಮುಂದಿನ ಸಲ ಕಡಿಮೆ ಹಾಕಿದೆ, ಹಾಲು ಗಟ್ಟಿಯಾಗಲಿಲ್ಲ, ಅತ್ತೆಯ ಮಾತು ನಿಜವಾದ ಹಾಗಾಯಿತು. ನಿನ್ನನ್ನು ಬಿಲ್ಲೆಯ ಅಚ್ಚು ತೊಳೆಯಲು ಕೂರಿಸಿದರು. ವರ್ಷ ತುಂಬುವುದರೊಳಗೆ ನೀವು ಮೂವರೂ ಹೊರಟುಹೋದಿರಿ. ನೀನು ಹೋಗುವಾಗ ನನ್ನ ಕಾಲು ಮುಟ್ಟಿ, "ಅಕ್ಕಾ, ನೀವೊಬ್ಬರೇ ನನಗೆ ಒಂದು ಮಾತೂ ಅನ್ನಲಿಲ್ಲ" ಎಂದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮುಖ ನೋಡಿಕೊಳ್ಳಲು ಆಗುವುದಿಲ್ಲ.

ದೇವರ ಮುಂದೆ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ದೇವರಿಗೆ ಹೇಳುವುದು ಸುಲಭ ಗುಬ್ಬಿ, ಅವನಿಗೆ ಮೊದಲೇ ಗೊತ್ತು. ನಿನಗೆ ಗೊತ್ತಿರಲಿಲ್ಲ. ನೀನೊಬ್ಬಳು ಅನುಭವಿಸಿದೆ, ಮುಗಿಯಿತು, ಕಾಲ ಕಳೆಯಿತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಈಗ ನೋಡಿದರೆ ಅದು ಮಗುವಿನ ಕೈಗೂ ಇಳಿಯುತ್ತಿದೆ. ಅವಳ ಕೈಯಲ್ಲಿ ಏನೂ ಇಲ್ಲ, ನಿನ್ನ ಕೈಯಲ್ಲೂ ಏನೂ ಇರಲಿಲ್ಲ. ನೀನು ಮಾಡಿದಷ್ಟು ಮೆತ್ತನೆಯ ಬಿಲ್ಲೆ ಆಮೇಲೆ ಈ ಮನೆಯಲ್ಲಿ ಆಗಿಲ್ಲ. ಅವಳನ್ನು ಕಳಿಸು. ನನ್ನನ್ನು ಕ್ಷಮಿಸು ಎಂದು ಬರೆಯಲು ಕೈ ಏಳುವುದಿಲ್ಲ, ನಿನಗೆ ಏನು ಅನ್ನಿಸುತ್ತದೋ ಅದೇ ಸರಿ. ಅತ್ತೆಗೆ ಇನ್ನೂ ಹೇಳಿಲ್ಲ. ನಿನ್ನ ಉತ್ತರ ಬಂದ ಮೇಲೆ, ಸಮಯ ನೋಡಿ, ಹೇಳುತ್ತೇನೆ.

ಮೈದುನನಿಗೆ ನಮ್ಮ ನೆನಪು ತಿಳಿಸು. ಮಗುವಿಗೆ ಒಳ್ಳೆಯದಾಗಲಿ, ದೇವರು ಅವಳ ಕೈ ಹಿಡಿದು ನಡೆಸಲಿ.

ನಿನ್ನ ಅಕ್ಕ

ಬರೆಯುವುದು ಉಳಿದಿತ್ತು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಲಕೋಟೆಗೆ ಅಂಟು ಹಚ್ಚುವಾಗ ಅತ್ತೆ, "ಬೆಳಗ್ಗೆಯಿಂದ ಪೆನ್ನು ಕರಕರ ಅಂತಿದೆ, ಯಾರಿಗೆ ಇಷ್ಟುದ್ದ? ಓದು" ಎಂದರು. ಈ ಸಲ ಒಂದು ಸಾಲೂ ಹಾರಿಸದೆ ಓದಿದೆ. ಆಮೇಲೆ, "ಕೈಗುಣ ಅಂದೋಳು ನಾನು, ತಪ್ಪು ನನ್ನದೂ ಇದೆ ಅಂತ ಬರಿ. ಮೊಮ್ಮಗಳನ್ನ ಸೋಮವಾರವೇ ಕೆಲಸಕ್ಕೆ ಕಳಿಸಬೇಕು ಅಂತ ಬರಿ" ಎಂದರು. ಬರೆದಿದ್ದೇನೆ. ನನ್ನ ಕಡೆ ತಿರುಗಿ, "ನೀನು ಹೋಗಿ ಊಟ ಮಾಡು. ಈ ಉಪವಾಸ ದೇವರಿಗೂ ಬೇಡ" ಎಂದರು. ಹೋಗಿ ಉಂಡೆ. ಇನ್ನೊಂದು ಮಾತು ಹೇಳಿದ್ದಾರೆ, ಇನ್ನು ಮುಂದೆ ನಿನ್ನ ಕಾಗದ ನಾನು ಓದಕೂಡದು. ಉತ್ತರವನ್ನು ಅತ್ತೆಯ ಹೆಸರಿಗೇ ಹಾಕು. ಎದುರುಮನೆಯ ದರ್ಜಿ ಅಂಚೆ ಕಚೇರಿಗೆ ಹೋಗಿ ಅದನ್ನು ತಂದು ಓದಿ ಹೇಳಬೇಕೆಂದು ಅವನಿಗೆ ಹೇಳಿ ಕಳಿಸಿದ್ದಾರೆ. ನನ್ನ ವಿಷಯದಲ್ಲಿ ಏನು ಬರೆಯಬೇಕೋ ಅಳುಕದೆ ಬರೆ. ದರ್ಜಿಯದು ದೊಡ್ಡ ಗಂಟಲು, ಹಾಲಿನ ಕೋಣೆಗೂ ಕೇಳಿಸುತ್ತದೆ. ನಾನು ಬಾಗಿಲು ಹಾಕಿಕೊಳ್ಳುವುದಿಲ್ಲ.