ಒಂಬತ್ತು ಸಲ ‘ಗ್ರ್ಯಾಂಡ್’ ಎಂದವಳ ಮನೆ

ಬಾಕಿದಾರರ ನೆರವು ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

‘ನೋವನ್ನು ಅರ್ಧ ಹೇಳಿದರೆ ಸಾಕು, ಉಳಿದರ್ಧ ಕೇಳುವವರಿಗೆ ಗೊತ್ತಿರುತ್ತದೆ.’ ಶಾಲೆಯಲ್ಲಿ ಓದಿದ ಯಾವುದೋ ಪದ್ಯದ ಸಾಲೋ, ಅಜ್ಜಿ ಆಡುತ್ತಿದ್ದ ಮಾತೋ, ಈಗ ನೆನಪಾಗುತ್ತಿಲ್ಲ. ‘ಕೇಳುವವರಿಗೆ’ ಎಂದಿತ್ತೋ ‘ಪ್ರೀತಿಸುವವರಿಗೆ’ ಎಂದಿತ್ತೋ ಅದೂ ಖಚಿತವಿಲ್ಲ. ಈ ವ್ಯತ್ಯಾಸ ಇಷ್ಟು ದುಬಾರಿಯಾದೀತೆಂದು ತಿಳಿದಿದ್ದರೆ ಸರಿಯಾಗಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಏಕೆಂದರೆ ನಾನು ಅರ್ಧ ಹೇಳಿದ್ದು ನಿಮ್ಮ ವಿಭಾಗಕ್ಕೆ, ಮತ್ತು ಉಳಿದರ್ಧ ನಿಮಗೆ ಗೊತ್ತಾಗಲಿಲ್ಲ. ಬರುವ ತಿಂಗಳ ಹತ್ತೊಂಬತ್ತಕ್ಕೆ ನಾನೂ ನನ್ನ ಮಗಳೂ ವಾಸವಿರುವ ಮನೆಯನ್ನು ನೀವು ವಶಪಡಿಸಿಕೊಳ್ಳುತ್ತಿದ್ದೀರಿ. ಅದಕ್ಕೆ ನ್ಯಾಯಾಲಯದಲ್ಲಿ ನೀವು ಒತ್ತಿ ಹೇಳಿದ ಕಾರಣ ನಾನು ಕಂತು ಬಾಕಿ ಉಳಿಸಿಕೊಂಡೆ ಎಂಬುದಲ್ಲ, ನಾನು ‘ಸಹಕರಿಸದ ಸಾಲಗಾರ್ತಿ’ ಎಂಬುದು.

ಬಾಕಿ ಇರುವುದು ನಿಜ. ಅದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಐರ್ಲೆಂಡಿನ ನಟ್ಟನಡುವಿನ ಈ ಊರಿನಲ್ಲಿ ಹದಿನೇಳು ವರ್ಷಗಳ ಹಿಂದೆ ಮನೆ ಸಾಲಕ್ಕೆ ಸಹಿ ಹಾಕಿದಾಗ ಎದುರಿಗೆ ಒಬ್ಬ ಹೆಂಗಸು ಕೂತಿದ್ದರು. ಕಾಗದಗಳನ್ನು ಮುಂದೆ ಸರಿಸುತ್ತಲೇ ನಮ್ಮಮ್ಮನ ಸೊಂಟ ನೋವು ಹೇಗಿದೆ ಎಂದು ವಿಚಾರಿಸಿದ್ದರು. ಆಮೇಲೆ ಆ ಬ್ಯಾಂಕು ನನ್ನ ಸಾಲವನ್ನು ನಿಮ್ಮ ಸಂಸ್ಥೆಗೆ ಮಾರಿತು. ದನ ಮಾರುವ ಸಂತೆಯಲ್ಲಿ ಕೂಡ ದನಕ್ಕೆ ಹೊಸ ಒಡೆಯನ ಮುಖ ಕಾಣುತ್ತದೆ, ನನಗೆ ಬಂದದ್ದು ಒಂದು ಪತ್ರ. ಸಾಲವನ್ನು ಮಾರಬಹುದು, ಒಪ್ಪಿದೆ. ಆ ಹೆಂಗಸು ಕೇಳಿದ ಪ್ರಶ್ನೆಯನ್ನೂ ಅದರ ಜೊತೆಗೆ ಕಟ್ಟಿ ಕೊಡಲು ಬರುವಂತಿದ್ದರೆ!

ನನ್ನ ಮಗಳು ಕೀರಾ ಆರು ವರ್ಷದವಳಿದ್ದಾಗ ಅವಳ ಅಪ್ಪ ಆಸ್ಟ್ರೇಲಿಯಾಕ್ಕೆ ಕೆಲಸಕ್ಕೆಂದು ಹೋದ, ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವನ ವಿಷಯ ಇಷ್ಟೇ. ಅವಳಿಗೀಗ ಹದಿನೈದು. ನಾನು ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಕವಿತೆ ಓದುವುದನ್ನು ಕಲಿಸುತ್ತೇನೆ. ನಿವೃತ್ತ ದಾದಿಯರು, ಬಸ್ಸು ಓಡಿಸುವವರು, ಹೆಂಡತಿ ತೀರಿಕೊಂಡ ಮೇಲೆ ಮಂಗಳವಾರ ಏನು ಮಾಡಬೇಕೆಂದು ತೋಚದ ಗಂಡಸರು ಬರುತ್ತಾರೆ. ಸಾಲು ಹೇಳದೆ ಬಿಟ್ಟದ್ದನ್ನು ಓದಿ ಎಂದು ಅವರಿಗೆ ಹೇಳಿಕೊಡುವುದೇ ನನ್ನ ಕೆಲಸ. ಎರಡು ವರ್ಷದ ಹಿಂದೆ ಕೇಂದ್ರ ನನ್ನ ತರಗತಿಗಳನ್ನು ಮೂರನೇ ಒಂದು ಭಾಗಕ್ಕೆ ಇಳಿಸಿತು. ಕಂತು ತಪ್ಪಲು ಶುರುವಾದದ್ದು ಆಗ. ಸಾಲುಗಳನ್ನು ಓದಲು ಕಲಿಸಿದವಳಿಗೆ ಸಾಲವನ್ನು ಓದಲು ಬರಲಿಲ್ಲ ಎನ್ನಿ, ನಗಿ, ನನಗೇನೂ ಬೇಸರವಿಲ್ಲ.

ಆಗ ನಿಮ್ಮ ವಿಭಾಗದಿಂದ ಕರೆ ಬಂತು. ಮಾತಾಡಿದವರು ಬೇರೊಂದು ದೇಶದಲ್ಲಿ ಕೂತಿದ್ದರು. ತುಂಬ ಸೌಜನ್ಯದ ದನಿ.

‘ಹೇಗಿದ್ದೀರಿ, ಮೇಡಂ?’

‘ಗ್ರ್ಯಾಂಡ್.’

‘ಕಂತು ಕಟ್ಟೋದು ಹೇಗೆ ನಡೀತಿದೆ?’

‘ಹೂಂ, ಗ್ರ್ಯಾಂಡ್. ಸ್ವಲ್ಪ ಹಿಂದೆಮುಂದೆ ಆಗಿದೆ, ಕಟ್ತೀನಿ.’

‘ಹಣಕಾಸಿನ ತೊಂದರೆ ಏನಾದ್ರೂ ಇದೆಯಾ?’

‘ಇಲ್ಲ ಇಲ್ಲ, ಎಲ್ಲ ಗ್ರ್ಯಾಂಡ್. ಒಂಚೂರು ಟೈಮ್ ಸಿಕ್ಕಿದ್ರೆ ಆಯ್ತು.’

‘ನೆರವಿನ ಅರ್ಜಿ ಕಳಿಸ್ಲಾ?’

‘ಅಯ್ಯೋ, ಅದಕ್ಕೆಲ್ಲ ನೀವ್ಯಾಕೆ ತೊಂದರೆ ತಗೋತೀರಿ.’

ಮಾನ್ಯರೇ, ಬೇರೆ ದೇಶಗಳಲ್ಲಿ ಈ ಪದಕ್ಕೆ ವೈಭವ, ಆಡಂಬರ ಎಂದೆಲ್ಲ ಅರ್ಥವಿದೆಯಂತೆ. ಅಲ್ಲಿ ಮದುವೆಗಳು ಗ್ರ್ಯಾಂಡ್ ಆಗಿರುತ್ತವಂತೆ, ಅರಮನೆಗಳು ಗ್ರ್ಯಾಂಡ್ ಆಗಿರುತ್ತವಂತೆ. ಇಲ್ಲಿ ಅದು ‘ಪರವಾಗಿಲ್ಲ, ನಡೀತಿದೆ’ ಎಂದು ಬಾಗಿಲು ಮುಚ್ಚುವ ಸದ್ದು, ಅಷ್ಟೇ. ನಮ್ಮಪ್ಪ ಹುಲ್ಲಿನ ಹೊರೆ ಕಟ್ಟುವ ಯಂತ್ರಕ್ಕೆ ಎರಡು ಬೆರಳು ಕೊಟ್ಟು, ಟವೆಲ್ಲಿನಲ್ಲಿ ಕೈ ಸುತ್ತಿಕೊಂಡು ಅಂಗಳದಲ್ಲಿ ನಿಂತಿದ್ದಾಗ ಆಂಬುಲೆನ್ಸಿನವರಿಗೆ ಹೇಳಿದ ಮಾತು ಅದು. ನಮ್ಮಮ್ಮ ಸಾಯುವ ಹಿಂದಿನ ದಿನ ಪಾದ್ರಿಗಳು ಬಂದು ಹೇಗಿದ್ದೀಯಮ್ಮ ಎಂದರೆ, ‘ಗ್ರ್ಯಾಂಡ್, ಫಾದರ್. ನಿಮ್ಮದು ಊಟ ಆಯ್ತಾ?’ ಎಂದಳು. ಪಾದ್ರಿಗಳು ಅದನ್ನು ಕೇಳಿ, ಇವಳು ಹುಷಾರಾಗಿದ್ದಾಳೆ ಎಂದು ಬರೆದುಕೊಂಡು ಎದ್ದು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

ಆ ಅರ್ಜಿಯ ವಿಷಯವೂ ಹಾಗೆಯೇ. ಈ ಊರಿನಲ್ಲಿ ಯಾರಾದರೂ ಚಹಾ ಕುಡೀತೀರಾ ಎಂದರೆ ಮೊದಲ ಸಲ ಬೇಡ ಎನ್ನುತ್ತೇವೆ. ಎರಡನೇ ಸಲ, ಈಗಷ್ಟೇ ಕುಡಿದೆ ಎನ್ನುತ್ತೇವೆ. ಮೂರನೇ ಸಲಕ್ಕೆ, ನಿಮಗೆ ಮಾಡಿಕೊಳ್ಳೋದಿದ್ರೆ ಒಂದು ಗುಟುಕು ಕೊಡಿ ಎನ್ನುತ್ತೇವೆ. ಮೂರು ಸಲ ಕೇಳದವರು ಕೇಳಿದ ಹಾಗಲ್ಲ. ನಿಮ್ಮವರು ಪ್ರತಿ ಕರೆಯಲ್ಲೂ ಒಂದೇ ಸಲ ಕೇಳಿದರು. ನಾನು ಫೋನು ಹಿಡಿದು ಎರಡನೇ ಸಲಕ್ಕೆ ಕಾಯುತ್ತಿದ್ದೆ. ಅವರು ಶುಭದಿನ ಹಾರೈಸಿ ಇಟ್ಟುಬಿಟ್ಟರು.

ನನ್ನ ಕಡತದ ನಕಲನ್ನು ಕೇಳಿ ತರಿಸಿಕೊಂಡಿದ್ದೇನೆ. ನಾಲ್ಕು ಕರೆಗಳು, ಒಂಬತ್ತು ಗ್ರ್ಯಾಂಡ್. ಪ್ರತಿ ಕರೆಯ ಕೆಳಗೂ ಒಂದೇ ಒಕ್ಕಣೆ: ‘ಗ್ರಾಹಕರು ತಮ್ಮ ಪರಿಸ್ಥಿತಿ ಅತ್ಯುತ್ತಮವಾಗಿದೆ ಎಂದು ತಿಳಿಸಿದ್ದಾರೆ. ನೆರವನ್ನು ನಿರಾಕರಿಸಿದ್ದಾರೆ.’ ನಾಲ್ಕನೆಯದರ ಕೆಳಗೆ ಇನ್ನೂ ಒಂದು ಸಾಲು: ‘ಪಾವತಿಸುವ ಸಾಮರ್ಥ್ಯವಿದೆ, ಮನಸ್ಸಿಲ್ಲ.’ ಕೀರಾ ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿದಳು.

‘ಅಮ್ಮಾ, ಒಂದ್ಸಲನಾದ್ರೂ ಅಳಬಾರದಿತ್ತಾ?’

‘ಗುರುತಿಲ್ಲದವರ ಹತ್ರ ಫೋನಲ್ಲಿ ಹೇಗೆ ಅಳೋದು?’

‘ನನ್ನ ಕೇಳಿದ್ರೆ ಹೇಳ್ಕೊಡ್ತಿದ್ದೆ. ನಮ್ಮ ಕ್ಲಾಸಲ್ಲಿ ಎಲ್ರೂ ಅಳ್ತಾರೆ, ಹೋಮ್‌ವರ್ಕ್‌ಗೂ ಅಳ್ತಾರೆ.’

ಅವಳ ಮಾತು ತಮಾಷೆಯಲ್ಲ. ನಿಮ್ಮ ನಮೂನೆಗಳನ್ನು ನೋಡಿದ್ದೇನೆ. ಅತ್ತವರಿಗೆ ಗುರುತು ಹಾಕಲು ಒಂದು ಚೌಕವಿದೆ, ಕೂಗಾಡಿದವರಿಗೆ ಒಂದು ಚೌಕವಿದೆ, ಫೋನು ಎತ್ತದವರಿಗೂ ಒಂದಿದೆ. ನಾಚಿಕೊಂಡವರಿಗೆ ಚೌಕವಿಲ್ಲ. ನಾನು ನಾಲ್ಕೂ ಸಲ ಫೋನು ಎತ್ತಿದೆ, ಮರ್ಯಾದೆಯಿಂದ ಮಾತಾಡಿದೆ, ವಂದನೆ ಹೇಳಿದೆ. ಕೂಗಾಡಿದ್ದರೆ ನನ್ನ ಕೋಪವಾದರೂ ದಾಖಲಾಗುತ್ತಿತ್ತಲ್ಲವೇ? ಮರ್ಯಾದಸ್ಥರು ಮನೆ ಕಳೆದುಕೊಳ್ಳುವುದಕ್ಕೆ ನಿಮ್ಮಲ್ಲಿ ‘ನೆರವು’ ಎನ್ನುತ್ತಾರೆಯೇ? ಹಾಗಿದ್ದರೆ ಅಡ್ಡಿ ಎಂಬುದನ್ನು ನೀವು ಹೇಗೆ ಮಾಡುತ್ತೀರಿ, ನೋಡಬೇಕೆಂಬ ಕುತೂಹಲವಿದೆ.

ಈಗ ನ್ಯಾಯಾಲಯದ ಬೆಳಗಿನ ವಿಷಯ. ಅಂದು ನಲವತ್ತೊಂದು ಮನೆಗಳ ಪಟ್ಟಿ ಇತ್ತು, ನನ್ನದು ಇಪ್ಪತ್ತಾರನೆಯದು. ನಿಮ್ಮ ವಕೀಲರು ಎದ್ದು ನಿಂತು ಓದಿದರು: ‘ಪ್ರತಿವಾದಿ ತಾವು ಗ್ರ್ಯಾಂಡ್ ಎಂದು ಒಂಬತ್ತು ಬಾರಿ ಖಚಿತಪಡಿಸಿದ್ದಾರೆ.’ ಕೋಣೆಯಲ್ಲಿ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಬಾಗಿಲಲ್ಲಿದ್ದ ಪೊಲೀಸರು, ಗುಮಾಸ್ತೆ, ನನ್ನ ಹಾಗೆಯೇ ಸರದಿ ಕಾಯುತ್ತಿದ್ದವರು. ವಕೀಲರೂ ತುಟಿ ಕಚ್ಚಿಕೊಂಡರು, ಅವರ ಉಚ್ಚಾರ ಕೇಳಿದರೆ ಪಕ್ಕದ ಊರಿನವರೇ. ಪೀಠದಲ್ಲಿ ಕೂತು ತೀರ್ಪು ಕೊಡುವ ರಿಜಿಸ್ಟ್ರಾರ್ ಕನ್ನಡಕ ತೆಗೆದರು.

‘ಇವರು ಏನು ಹೇಳಿದ್ರು ಅಂತ ನನಗೂ ಗೊತ್ತು, ನಿಮಗೂ ಗೊತ್ತು, ವಕೀಲರೇ.’

‘ಗೊತ್ತು, ಮೇಡಂ. ಆದರೆ ದಾಖಲೆಯಲ್ಲಿ ಇರೋದು ಇಷ್ಟು.’

‘ಹೌದು,’ ಎಂದರು ಅವರು, ಕನ್ನಡಕ ಮತ್ತೆ ಏರಿಸಿಕೊಂಡು. ‘ದಾಖಲೆಯಲ್ಲಿ ಇರೋದು ಇಷ್ಟೇ.’

ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಮುಖ ಹೇಗಿತ್ತೋ ಏನೋ. ‘ನೀವು ಸರಿಯಾಗಿದ್ದೀರಾ, ಮಿಸೆಸ್ ಹೆಗಾರ್ಟಿ? ಏನಾದ್ರೂ ಹೇಳೋದಿದೆಯಾ?’ ಎಂದು ಕೇಳಿದರು. ಹೇಳುವುದಕ್ಕೆಂದೇ ಎರಡು ಪುಟ ಬರೆದು ತಂದಿದ್ದೆ, ಅವು ಕೈಯಲ್ಲೇ ಇದ್ದವು. ನನ್ನ ಬಾಯಿಂದ ಹತ್ತನೆಯದು ಬಂತು.

ಈ ಸಲ ಯಾರೂ ನಗಲಿಲ್ಲ. ಮನೆ ಬಿಡಲು ಮೂರು ತಿಂಗಳ ಗಡುವು ಕೊಟ್ಟು ಇಪ್ಪತ್ತೇಳನೆಯವರನ್ನು ಕರೆದರು.

ನಾನು ಯೋಚಿಸುತ್ತಿರುವುದು ಆ ನಗುವಿನ ಬಗ್ಗೆ. ಅಲ್ಲಿದ್ದ ಪ್ರತಿಯೊಬ್ಬರಿಗೂ ಅರ್ಥವಾಗಿತ್ತು. ನಿಮ್ಮ ಪರವಾಗಿ ವಾದಿಸಿದವರಿಗೂ, ತೀರ್ಪು ಕೊಟ್ಟವರಿಗೂ. ನನ್ನನ್ನು ತಪ್ಪು ತಿಳಿದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ, ಆದರೂ ಮನೆ ಹೋಯಿತು. ತಪ್ಪು ತಿಳಿವಳಿಕೆಯಿಂದ ಅನ್ಯಾಯವಾಗುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆ, ಅದಕ್ಕಾಗಿಯೇ ಜನರಿಗೆ ಓದುವುದನ್ನು ಕಲಿಸಿದೆ. ಸರಿಯಾಗಿ ತಿಳಿದುಕೊಂಡೂ ಮುಂದಿನ ಹೆಸರು ಕರೆಯಬಹುದು ಎಂಬುದು ನನ್ನ ಪಾಠದಲ್ಲಿ ಇರಲಿಲ್ಲ. ಫೋನಿನಲ್ಲಿ ಮಾತಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನನ್ನ ಮಾತನ್ನು ನಂಬಿದರು, ಅದೊಂದೇ ಅವರ ತಪ್ಪು.

ನನ್ನ ಬೇಡಿಕೆ ಸಣ್ಣದು. ಹತ್ತೊಂಬತ್ತರೊಳಗೆ, ಈ ದ್ವೀಪದಲ್ಲಿ ಹುಟ್ಟಿ ಬೆಳೆದ ಯಾರಾದರೂ ಒಬ್ಬರನ್ನು ಕೂರಿಸಿ ಆ ನಾಲ್ಕು ಕರೆಗಳನ್ನು ಕೇಳಿಸಿ. ಎಲ್ಲ ಸೇರಿ ನಲವತ್ತು ನಿಮಿಷವೂ ಆಗದು. ಕೇಳಿದ ಮೇಲೆ ನನ್ನ ಹೆಸರಿನ ಮುಂದಿರುವ ‘ಸಹಕರಿಸದ’ ಎಂಬ ಪದವನ್ನು ಹೊಡೆದುಹಾಕಿ, ನೆರವಿನ ಅರ್ಜಿ ಬೇಕೇ ಎಂದು ಇನ್ನೊಮ್ಮೆ ಕೇಳಿ. ಮೂರನೇ ಸಲದ ತನಕ ಕಾಯಿಸುವುದಿಲ್ಲ, ಮಾತು ಕೊಡುತ್ತೇನೆ. ಹೀಗೆ ನೀವು ಮಾಡುತ್ತೀರಿ ಎಂಬ ನಂಬಿಕೆ ನನಗಿಲ್ಲ. ಇದೇ ಮಾತನ್ನು ಮೂರು ಖಾಸಗಿ ಪತ್ರಗಳಲ್ಲಿ ಬರೆದಾಗಿದೆ. ಮೂರಕ್ಕೂ ಒಂದೇ ಉತ್ತರ ಬಂತು: ಪರಿಶೀಲಿಸಲಾಗಿದೆ, ಬದಲಾವಣೆ ಇಲ್ಲ. ಪುಟದ ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ‘ನಿಮ್ಮ ಸಹಕಾರಕ್ಕೆ ಧನ್ಯವಾದಗಳು.’ ಅದಕ್ಕೇ ಇದನ್ನು ಊರಿನ ವಾರಪತ್ರಿಕೆಗೆ ಕಳಿಸುತ್ತಿದ್ದೇನೆ. ನೀವು ಓದದಿದ್ದರೂ ನಡೆಯುತ್ತದೆ, ಇಪ್ಪತ್ತೇಳನೆಯವರು ಓದಲಿ.

ಇಂತಿ,
ಹತ್ತೊಂಬತ್ತರವರೆಗೆ ಮಾತ್ರ ಈ ವಿಳಾಸದಲ್ಲಿ ಸಿಗುವ,
ಫಿನೂಲಾ ಹೆಗಾರ್ಟಿ

ಮತ್ತೊಂದು ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಪಕ್ಕದ ಮನೆಯ ಟೆಸ್ ಬಾಗಿಲು ತಟ್ಟಿದರು. ಎಪ್ಪತ್ತಮೂರು ವಯಸ್ಸು. ಕೀರಾಳ ಅಪ್ಪ ಬಿಟ್ಟುಹೋದ ವಾರವಿಡೀ ನಮಗೆ ಸೂಪು ತಂದುಕೊಟ್ಟವರು. ಯಾವತ್ತೂ ನೇರ ಅಡುಗೆಮನೆಗೆ ಬರುವವರು ಇವತ್ತು ಹೊರಗೇ ನಿಂತರು. ಸಾಲಕ್ಕೆ ಹೊರಹಾಕಿಸಿಕೊಂಡವರ ಮನೆ ಕೊಳ್ಳಲು ಕೈಚಾಚಿದವರನ್ನು ಈ ಸೀಮೆಯಲ್ಲಿ ಮೊಮ್ಮಕ್ಕಳ ಕಾಲದವರೆಗೂ ಯಾರೂ ಮಾತಾಡಿಸುವುದಿಲ್ಲ, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಕೋಟಿನ ಗುಂಡಿ ತಿರುಗಿಸುತ್ತ ತುಂಬ ಹೊತ್ತು ಹವೆಯ ವಿಷಯ ಮಾತಾಡಿದರು. ಕೊನೆಗೆ ಹೇಳಿದರು:

‘ನಮ್ಮ ಮೊಮ್ಮಗಳು ಎರಡು ಮಕ್ಕಳನ್ನ ಕಟ್ಕೊಂಡು ಒಂದೇ ಕೋಣೇಲಿ ಇದ್ದಾಳೆ, ನಿನಗೆ ಗೊತ್ತಲ್ಲ. ಸಾಲದವರು ಈ ಮನೇನ ಮಾರೋಕೆ ಇಟ್ರೆ ಅವಳು ತಗೋಬಹುದಾ ಅಂತ ನಿನ್ನ ಹತ್ರ ಕೇಳೋಕೆ ಬಂದೆ. ನೀನು ಬೇಡ ಅಂದ್ರೆ ಬೇಡ, ಮಗಾ, ಈ ಮಾತು ಇಲ್ಲಿಗೇ ಮುಗೀತು. ಆದ್ರೆ ಯಾರಾದ್ರೂ ಒಬ್ರು ತಗೊಂಡೇ ತಗೋತಾರೆ.’